ಕಾಫಿ ತೋಟದ ಸೀರೆ, ಬೇಲೂರಿನ ಕಂಬ: ವರ್ಚುವಲ್ ಲೋಕಕ್ಕೆ ನಮ್ಮ ಸೀಮೆಯ ಅವತಾರ ಕಟ್ಟುವ ಬಗೆ

ಕಂಪ್ಯೂಟರಿನೊಳಗಿನ ವರ್ಚುವಲ್ ಲೋಕವೊಂದರೊಳಗೆ ಹೊಸದಾಗಿ ಕಾಲಿಟ್ಟವರಿಗೆ ಅವತಾರ ಎನ್ನುವ ಒಂದು ಸಿದ್ಧ ದೇಹವೂ ಸಿದ್ಧ ಉಡುಪೂ ದೊರೆಯುತ್ತವೆ. ಅವನ್ನೇ ತೊಟ್ಟು ತಿರುಗಾಡಲು ಅಡ್ಡಿಯೇನೂ ಇಲ್ಲ. ಆದರೆ ಮೂಡಿಗೆರೆಯ ಕಾಫಿ ತೋಟದಲ್ಲಿ ಸೀರೆಯ ಮೇಲೆ ಉದ್ದ ತೋಳಿನ ಅಂಗಿ ತೊಟ್ಟು, ತಲೆಗೆ ವಸ್ತ್ರ ಕಟ್ಟಿಕೊಂಡು ಹಣ್ಣು ಕೊಯ್ಯುವ ಹೆಂಗಸಿನ ರೂಪವನ್ನೋ ಬೇಲೂರಿನ ನವರಂಗದ ತಿರುಗಣೆ ಕಂಬವನ್ನೋ ಅಲ್ಲಿ ಕಾಣಬೇಕೆಂದರೆ, ಅದನ್ನು ಬಲ್ಲ ನಾವೇ ಮಾಡಬೇಕು. ಈ ಎರಡನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಎರಡರಲ್ಲಿಯೂ ಉದ್ದಕ್ಕೂ ಎದುರಾಗುವ ಪ್ರಶ್ನೆ ಒಂದೇ: ಯಾವ ವಿವರವನ್ನು ಆಕಾರದಲ್ಲಿ ಕಡೆಯಬೇಕು, ಯಾವುದನ್ನು ಮೇಲ್ಮೈಯ ಚಿತ್ರಕ್ಕೆ ಬಿಡಬೇಕು?

ಎಲ್ಲಿ ಆರಂಭಿಸಬೇಕು

2003ರಿಂದ ನಡೆದುಬಂದಿರುವ ಸೆಕೆಂಡ್ ಲೈಫ್‌ನಲ್ಲಿ ಬಳಕೆದಾರರು ತಾವೇ ಮಾಡಿದ ವಸ್ತುಗಳನ್ನು ಒಳಗೆ ತರಬಹುದು, ಮಾರಬಹುದು. ಆದರೆ 1024 ಚದರದವರೆಗಿನ, ಅಂದರೆ ಉದ್ದಗಲಗಳೆರಡೂ 1024 ಪಿಕ್ಸೆಲ್ ಮೀರದ, ಪ್ರತಿ ಚಿತ್ರಕ್ಕೂ ಅಲ್ಲಿನ ನಾಣ್ಯದಲ್ಲಿ 10 ಲಿಂಡೆನ್ ಡಾಲರ್ ಶುಲ್ಕವಿದೆ. ತ್ರಿಕೋನಗಳ ಬಲೆಯಿಂದ ಕಟ್ಟಿದ ಮೆಶ್ ವಸ್ತುಗಳಿಗೆ ಬೇರೆ ಶುಲ್ಕ ತಗಲುತ್ತದೆ. ಕಲಿಯುವ ಹಂತದಲ್ಲಿ ಒಂದೇ ಅಂಚನ್ನು ಹತ್ತಾರು ಸಲ ತಿದ್ದಿ ನೋಡಬೇಕಾಗುವುದರಿಂದ, ನಾನು ಮೊದಲು ಸೂಚಿಸುವುದು ಓಪನ್‌ಸಿಮ್ಯುಲೇಟರನ್ನು. 2007ರಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶವನ್ನು ಸ್ವಂತ ಕಂಪ್ಯೂಟರಿನಲ್ಲಿಯೇ ನಡೆಸಬಹುದು. 256 ಮೀಟರ್ ಉದ್ದ, 256 ಮೀಟರ್ ಅಗಲದ ಒಂದು ನೆಲ ನಿಮ್ಮದಾಗುತ್ತದೆ, ಮತ್ತು ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು, ನೆಟ್‌ವರ್ಕ್ ಇಲ್ಲದೆ ದಿನಗಳು ಕಳೆಯುವ ಮಲೆನಾಡಿನ ಮನೆಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಒಳಹೊಕ್ಕು ನೋಡಲು ಫೈರ್‌ಸ್ಟಾರ್ಮ್ ವೀಕ್ಷಕದ ಓಪನ್‌ಸಿಮ್ ಆವೃತ್ತಿಯನ್ನು ಹಾಕಿಕೊಳ್ಳಿ.

ಆಕಾರ ಮಾಡಲು ಬ್ಲೆಂಡರ್, ಚಿತ್ರ ಬಿಡಿಸಲು ಕ್ರಿಟಾ ಅಥವಾ ಗಿಂಪ್ ಸಾಕು, ಮೂರೂ ಉಚಿತ. ಓಪನ್‌ಸಿಮ್‌ಗೆ ಮೆಶ್ ಕೊಲಾಡಾ ಎಂಬ ಕಡತ ರೂಪದಲ್ಲಿ ಕಳಿಸುವುದು ರೂಢಿ, ಆದರೆ ಬ್ಲೆಂಡರಿನ 5.0 ಆವೃತ್ತಿಯಲ್ಲಿ ಆ ಸೌಲಭ್ಯವನ್ನು ತೆಗೆದುಹಾಕಲಾಗಿದೆ. ಆದ್ದರಿಂದ 4.5 ದೀರ್ಘಾವಧಿ ಆವೃತ್ತಿಯನ್ನೇ ಇಟ್ಟುಕೊಳ್ಳಿ.

ದೇಹ ಮತ್ತು ಮೈಬಣ್ಣ

ದೇಹವನ್ನು ಮೊದಲಿನಿಂದ ಕಟ್ಟುವ ಅಗತ್ಯವಿಲ್ಲ. ರೂತ್2 ಎಂಬ ಹೆಣ್ಣುದೇಹವೂ ರಾತ್2 ಎಂಬ ಗಂಡುದೇಹವೂ ಮುಕ್ತ ಪರವಾನಗಿಯಲ್ಲಿ, ಬ್ಲೆಂಡರಿನಲ್ಲಿ ತೆರೆಯಬಹುದಾದ ಕಡತಗಳ ಸಹಿತ ಸಿಗುತ್ತವೆ. ಎತ್ತರ, ಭುಜದ ಅಗಲ, ಗಲ್ಲದ ಉಬ್ಬುಗಳನ್ನು ವೀಕ್ಷಕದೊಳಗಿನ ಸ್ಲೈಡರುಗಳಿಂದಲೇ ಹೊಂದಿಸಬಹುದು. ಆ ಲೋಕಗಳಲ್ಲಿ ಅವತಾರಗಳನ್ನು ಎರಡು ಮೀಟರಿಗೂ ಎತ್ತರವಾಗಿ ಮಾಡಿಕೊಳ್ಳುವ ರೂಢಿಯಿದೆ. ಅದನ್ನು ಅನುಸರಿಸದೆ ನಿಜದ ಎತ್ತರವನ್ನೇ ಇಡಿ ಎನ್ನುತ್ತೇನೆ, ಏಕೆಂದರೆ ಮುಂದೆ ಮಾಡುವ ಕಂಬ, ಬಾಗಿಲು, ಜಗಲಿಗಳೆಲ್ಲ ಆ ಅಳತೆಗೆ ಹೊಂದಬೇಕು.

ಮೈಬಣ್ಣಕ್ಕೆ ಹೆಚ್ಚು ಗಮನ ಕೊಡಬೇಕು. ಬಿಳಿಯ ಚರ್ಮದ ಚಿತ್ರವೊಂದನ್ನು ತೆಗೆದುಕೊಂಡು ಅದರ ಮೇಲೆ ಕಂದು ಬಣ್ಣ ಹಾಯಿಸಿದರೆ ಎಣ್ಣೆಗೆಂಪು ಮೈ ಬರುವುದಿಲ್ಲ. ತುಟಿ, ಅಂಗೈ, ಉಗುರುಗಳೂ ಅದೇ ಬಣ್ಣಕ್ಕೆ ತಿರುಗಿ ಮುಖ ಮಣ್ಣಿನ ಬೊಂಬೆಯಂತಾಗುತ್ತದೆ. ನಮ್ಮವರ ಮೈಯಲ್ಲಿ ಅಂಗೈ ಮತ್ತು ಅಂಗಾಲು ತಿಳಿಯಾಗಿರುತ್ತವೆ, ಮೊಣಕೈ, ಮೊಣಕಾಲು, ಬೆರಳಗೆಣ್ಣುಗಳು ಗಾಢವಾಗಿರುತ್ತವೆ, ಕಣ್ಣಿನ ಸುತ್ತ ನಸುಗಪ್ಪು ಇರುತ್ತದೆ. ಈ ಮೂರನ್ನು ಬೇರೆಬೇರೆ ಪದರಗಳಲ್ಲಿ ಬಿಡಿಸಿಕೊಳ್ಳಿ. ಹಣೆಯ ಕುಂಕುಮ, ಹಿರಿಯ ಹೆಂಗಸರ ಮುಂಗೈಯ ಹಚ್ಚೆ ಇವುಗಳನ್ನು ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರಗಳಾಗಿ ಮಾಡಿ ಟ್ಯಾಟೂ ಪದರದಲ್ಲಿ ತೊಡಿಸಿದರೆ, ಬೇಕೆಂದಾಗ ಬದಲಿಸಬಹುದು.

ಸೀರೆ

ಎಲ್ಲಕ್ಕಿಂತ ಕಷ್ಟದ ಕೆಲಸವಿದು. ಐದೂವರೆ ಮೀಟರ್ ಉದ್ದದ ಒಂದೇ ಬಟ್ಟೆ ಮೈ ಸುತ್ತಿ ನೆರಿಗೆಯಾಗಿ, ಎದೆಯನ್ನು ಹಾದು ಎಡ ಹೆಗಲ ಮೇಲಿಂದ ಸೆರಗಾಗಿ ಇಳಿಯುವುದನ್ನು, ಅಂಗಿ-ಪ್ಯಾಂಟಿಗಾಗಿ ರೂಪಿಸಿದ, ಅವತಾರವನ್ನು ಒಳಗಿನಿಂದ ಅಲುಗಾಡಿಸುವ ಅಸ್ಥಿಪಂಜರಕ್ಕೆ ಒಗ್ಗಿಸಬೇಕು.

ಮೊದಲು ಸೊಂಟದಿಂದ ಕೆಳಗೆ ಎರಡೂ ಕಾಲುಗಳನ್ನು ಸೇರಿಸಿ ಒಂದು ಕೊಳವೆಯನ್ನೂ, ಬಲ ಸೊಂಟದಿಂದ ಎಡ ಹೆಗಲಿಗೆ ಹೋಗುವ ಒಂದು ಪಟ್ಟಿಯನ್ನೂ ಮಾಡಿ. ತೋಟದ ಕೆಲಸಕ್ಕೆ ಹೊರಟವರು ಸೀರೆಯನ್ನು ಮೇಲೆತ್ತಿ ಸಿಕ್ಕಿಸುವುದರಿಂದ ಕೆಳಗಿನ ಅಂಚನ್ನು ಕಣಕಾಲಿಗಿಂತ ಗೇಣು ಮೇಲೆ ನಿಲ್ಲಿಸಬಹುದು. ನಡೆಯುವಾಗ ಪಾದ ಬಟ್ಟೆಯನ್ನು ತೂರಿ ಹೊರಬರುವ ತೊಂದರೆಯೂ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ. ಈ ಆಕಾರದ ಒಂದು ನಕಲನ್ನು ಸಾಕಷ್ಟು ದಟ್ಟವಾಗಿಸಿ, ಬ್ಲೆಂಡರಿನ ಬಟ್ಟೆಯ ಸಿಮ್ಯುಲೇಶನ್‌ನಿಂದ ಮೈಮೇಲೆ ಬೀಳಿಸಿ, ಅಲ್ಲಿ ಮೂಡಿದ ಮಡಿಕೆಗಳನ್ನು ಮೂಲದ ಹಗುರ ಆಕಾರದ ಮೇಲೆ ನಾರ್ಮಲ್ ಮ್ಯಾಪ್ ಆಗಿ, ಅಂದರೆ ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ಚಿತ್ರವಾಗಿ, ಬೇಕ್ ಮಾಡಿ (ಅಚ್ಚಿಳಿಸಿ). ಮುಂದಿನ ಐದಾರು ದೊಡ್ಡ ನೆರಿಗೆಗಳು ಮಾತ್ರ ನಿಜವಾದ ಆಕಾರದಲ್ಲಿರಲಿ, ಏಕೆಂದರೆ ಪಕ್ಕದಿಂದ ನೋಡಿದಾಗ ಸೀರೆಯ ಹೊರರೇಖೆಯನ್ನು ತೀರ್ಮಾನಿಸುವುದು ಅವೇ. ಸೊಂಟದ ಬಳಿಯ ಸುಕ್ಕು, ಸೆರಗಿನ ಸಣ್ಣ ಮಡಿಕೆಗಳು ಚಿತ್ರದಲ್ಲಿದ್ದರೆ ಸಾಕು.

ಬಣ್ಣಕ್ಕೆ ಇಡೀ ಸೀರೆಯ ಫೋಟೋ ಅಂಟಿಸಬೇಡಿ. ಒಡಲು, ಅಂಚು, ಸೆರಗು ಎಂದು ಮೂರು ಮೆಟೀರಿಯಲ್‌ಗಳಾಗಿ ವಿಂಗಡಿಸಿ, ಒಡಲಿಗೂ ಅಂಚಿಗೂ ಪುನರಾವರ್ತನೆಯಾಗುವ ಸಣ್ಣ ಚಿತ್ರಗಳನ್ನು ಕೊಡಿ. ಪಾರದರ್ಶಕತೆಯುಳ್ಳ 1024 ಚದರದ ಒಂದು ಚಿತ್ರ ನೋಡುವವರ ಗ್ರಾಫಿಕ್ಸ್ ನೆನಪಿನಲ್ಲಿ ಸುಮಾರು 4 ಎಂಬಿ ಹಿಡಿಯುತ್ತದೆ, 512 ಚದರದ್ದು 1 ಎಂಬಿ. ಅಂಚಿನ ಒಂದು ಮಾವಿನಕಾಯಿ ಬುಟ್ಟಾ ತೋರಿಸಲು 256 ಧಾರಾಳವಾಯಿತು. ಒಡಲಿನ ಚಿತ್ರವನ್ನು ತಿಳಿ ಬೂದು ಬಣ್ಣದಲ್ಲಿಡಿ. ಲೋಕದೊಳಗೆ ಬಣ್ಣ ಹಾಯಿಸಿದಾಗ ಚಿತ್ರ ಗಾಢವಾಗಬಲ್ಲದೇ ಹೊರತು ತಿಳಿಯಾಗದು, ಹಾಗಾಗಿ ತಿಳಿಯ ಮೂಲವೊಂದರಿಂದಲೇ ಹಸಿರು, ನೇರಳೆ, ಅರಿಸಿನ ಎಲ್ಲ ಬಣ್ಣದ ಸೀರೆಗಳೂ ಹುಟ್ಟುತ್ತವೆ.

ಇನ್ನು ಮೂಳೆಗಳಿಗೆ ಬಟ್ಟೆ ಕಟ್ಟುವ ಕೆಲಸ. ಮೆಶ್‌ನ ಪ್ರತಿ ಬಿಂದುವೂ ಹೆಚ್ಚೆಂದರೆ ನಾಲ್ಕು ಮೂಳೆಗಳಿಗೆ ಅಂಟಿಕೊಳ್ಳಬಹುದು. ದೇಹದ ತೂಕಗಳನ್ನು, ಅಂದರೆ ಯಾವ ಬಿಂದು ಯಾವ ಮೂಳೆಯನ್ನು ಎಷ್ಟು ಅನುಸರಿಸಬೇಕೆಂಬ ಪ್ರಮಾಣಗಳನ್ನು, ಸೀರೆಗೆ ವರ್ಗಾಯಿಸಿದ ಬಳಿಕ ಎರಡು ಕಡೆ ಕೈಯಿಂದ ತಿದ್ದಲೇಬೇಕು. ಮೊದಲನೆಯದು ಕಾಲುಗಳ ನಡುವಿನ ಭಾಗ: ಅಲ್ಲಿನ ಬಿಂದುಗಳು ಎಡತೊಡೆಗೂ ಬಲತೊಡೆಗೂ ಸಮನಾಗಿ ಅಂಟಿರದಿದ್ದರೆ, ಹೆಜ್ಜೆ ಇಟ್ಟ ಕೂಡಲೇ ಸೀರೆ ಪಾಯಿಜಾಮದಂತೆ ಎರಡಾಗುತ್ತದೆ. ಎರಡನೆಯದು ಸೆರಗು: ಹೆಗಲ ಮೇಲಿನ ಬಿಂದುಗಳು ತೋಳಿನ ಮೂಳೆಗೆ ಅಂಟಿದ್ದರೆ ಕೈ ಎತ್ತಿದಾಗಲೆಲ್ಲ ಸೆರಗು ಮೇಲೇಳುತ್ತದೆ, ಆದ್ದರಿಂದ ಅವನ್ನು ಎದೆಯ ಮೂಳೆಗೆ ಕೊಡಿ. ಬಟ್ಟೆಯ ಅಡಿಯ ದೇಹವನ್ನು ಆಲ್ಫಾ ಮುಖವಾಡದಿಂದ ಮರೆಮಾಡಿ. ಮೇಲಿನ ಅಂಗಿಯನ್ನು ಪ್ರತ್ಯೇಕ ವಸ್ತುವಾಗಿ ಮಾಡಿದರೆ, ಹಬ್ಬಕ್ಕೆ ಅದನ್ನು ತೆಗೆದು ಜಡೆಗೆ ಮಲ್ಲಿಗೆ ಮುಡಿಸಬಹುದು. ಮಲ್ಲಿಗೆಯಂತಹ ಹೂಗಳಿಗೆ ಆಲ್ಫಾ ಬ್ಲೆಂಡಿಂಗ್ (ಅರೆಪಾರದರ್ಶಕತೆ) ಬದಲು ಮಾಸ್ಕಿಂಗ್ (ಪೂರ್ತಿ ಕಾಣುವುದು ಇಲ್ಲವೇ ಪೂರ್ತಿ ಮರೆಯಾಗುವುದು) ಆರಿಸಿ, ಇಲ್ಲವಾದರೆ ಹಿಂದಿನ ಹೂ ಮುಂದಿನದನ್ನು ದಾಟಿ ಕಾಣುತ್ತದೆ.

ತಿರುಗಣೆ ಕಂಬ

1117ರಲ್ಲಿ ವಿಷ್ಣುವರ್ಧನನ ಕಾಲಕ್ಕೆ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಒಳಗಿನ ಬಳಪದ ಕಲ್ಲಿನ ಕಂಬಗಳು ಆರಂಭಿಕರಿಗೆ ಒಳ್ಳೆಯ ಪಾಠ. ಕಲ್ಲನ್ನು ತಿರುಗಿಸುತ್ತ ಕಡೆದ ಈ ಕಂಬಗಳ ಆಕಾರವೆಲ್ಲ ಒಂದೇ ಹೊರರೇಖೆಯಲ್ಲಿ ಅಡಗಿರುವುದರಿಂದ, ಬ್ಲೆಂಡರಿನಲ್ಲಿಯೂ ಹಾಗೆಯೇ ಮಾಡಬಹುದು. ಕಂಬದ ಅರ್ಧ ಹೊರರೇಖೆಯನ್ನು, ಅಂದರೆ ಪೀಠದ ಮೇಲಿನ ಏರು, ಗಂಟೆಯಾಕಾರದ ಉಬ್ಬು, ಕುತ್ತಿಗೆ, ಚಪ್ಪಟೆ ಬಿಲ್ಲೆ ಇವುಗಳನ್ನು, 20 ಬಿಂದುಗಳಲ್ಲಿ ಎಳೆದು, ಸ್ಕ್ರೂ ಮಾಡಿಫೈಯರ್‌ನಿಂದ 32 ಭಾಗಗಳಾಗಿ ಪೂರ್ಣ ಸುತ್ತು ತಿರುಗಿಸಿದರೆ 1216 ತ್ರಿಕೋನಗಳ ಕಂಬ ಸಿದ್ಧವಾಗುತ್ತದೆ. ಕೆಳಗಿನ ಚೌಕ ಪೀಠವನ್ನು ಬೇರೆಯಾಗಿ ಸೇರಿಸಿ. ಗಂಟೆಯನ್ನು ಸುತ್ತುವರಿದ ಕೂದಲೆಳೆಯಂತಹ ಗೀರುಗಳನ್ನು ಆಕಾರದಲ್ಲಿ ಕಡೆಯಲು ಹೋಗದೆ ನಾರ್ಮಲ್ ಮ್ಯಾಪ್‌ಗೆ ಬಿಡಿ. ಬಿಲ್ಲೆಯ ಚೂಪಾದ ಅಂಚು ಮಾತ್ರ ಆಕಾರದಲ್ಲಿಯೇ ಇರಬೇಕು. ಅದೇ ದೇವಾಲಯದ ನರಸಿಂಹ ಕಂಬದಲ್ಲಿ ಕಿರುಶಿಲ್ಪಗಳು ಕಿಕ್ಕಿರಿದಿರುವುದರಿಂದ ಅದನ್ನು ಮೊದಲ ಪ್ರಯತ್ನಕ್ಕೆ ಆರಿಸಬೇಡಿ.

ಕಲ್ಲಿನ ಮೇಲ್ಮೈಯ ಫೋಟೋಗಳನ್ನು ಹೊರಗೋಡೆಯಲ್ಲಿ ತೆಗೆಯುವುದಾದರೆ ಮೋಡ ಕವಿದ ದಿನವೇ ಸರಿ. ಬಿಸಿಲಿದ್ದರೆ ಪ್ರತಿ ಕೆತ್ತನೆಯ ನೆರಳೂ ಚಿತ್ರದಲ್ಲಿ ಸೇರಿಹೋಗಿ, ಲೋಕದೊಳಗಿನ ಸೂರ್ಯ ಬೇರೆ ದಿಕ್ಕಿನಲ್ಲಿರುವಾಗ ಸುಳ್ಳಾಗಿ ಕಾಣುತ್ತದೆ. ಮಳೆ ನಿಂತ ಮೇಲೂ ಕಲ್ಲು ಒಣಗುವವರೆಗೆ ಕಾಯಬೇಕು. ಒದ್ದೆಯಾದ ಬಳಪದ ಕಲ್ಲು ತನ್ನ ನಿಜ ಬಣ್ಣಕ್ಕಿಂತ ಬಹಳ ಕಪ್ಪು. ಬೇಲೂರು, ಹಳೇಬೀಡುಗಳು 2023ರಿಂದ ಸೋಮನಾಥಪುರದೊಂದಿಗೆ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ತ್ರಿಪಾದಿ ನಿಲ್ಲಿಸಲು ಅಥವಾ ಡ್ರೋನ್ ಹಾರಿಸಲು ಅಲ್ಲಿ ಅನುಮತಿ ಪಡೆಯಬೇಕು. ಬೇಲೂರಿನಲ್ಲಿ ಇಂದಿಗೂ ನಿತ್ಯಪೂಜೆ ನಡೆಯುವುದರಿಂದ ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸದಿರಿ. ದೇವರ ಮೂರ್ತಿಗಳನ್ನು ನೆಲಹಾಸಿನ ಚಿತ್ರವಾಗಿಯೋ ಉಡುಪಿನ ಕೆಳಭಾಗದಲ್ಲಿಯೋ ಬಳಸುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ.

ಒಳಗೆ ತರುವುದು

ರಫ್ತು ಮಾಡುವ ಮುನ್ನ ಕಂಬ, ಮಂಟಪದಂತಹ ವಸ್ತುಗಳ ಸ್ಕೇಲನ್ನು ಅಪ್ಲೈ ಮಾಡಿ. ಬ್ಲೆಂಡರಿನ ಒಂದು ಮೀಟರ್ ಅಲ್ಲಿಯೂ ಒಂದು ಮೀಟರ್ ಆಗಬೇಕು. ಅಪ್‌ಲೋಡ್ ಕಿಟಕಿಯಲ್ಲಿ ಹತ್ತಿರದಿಂದ ದೂರದವರೆಗೆ ನಾಲ್ಕು ಹಂತದ ಆಕಾರಗಳನ್ನು ಕೇಳುತ್ತದೆ. ಅವನ್ನು ತಂತ್ರಾಂಶಕ್ಕೆ ಬಿಟ್ಟರೆ ಕಂಬ ದೂರದಲ್ಲಿ ಮುರಿದ ಚೂರುಗಳಂತೆ ಕಾಣುವುದುಂಟು. ಅದರ ಬದಲು 8 ಬಿಂದುಗಳನ್ನು 8 ಭಾಗಗಳಾಗಿ ತಿರುಗಿಸಿದ, 112 ತ್ರಿಕೋನಗಳ ಆವೃತ್ತಿಯನ್ನು ನೀವೇ ಮಾಡಿ ಕೊನೆಯ ಹಂತಕ್ಕೆ ಕೊಡಿ. ಕಂಬಗಳನ್ನು ಸೇರಿಸಿ ಮಂಟಪ ಕಟ್ಟಿದಾಗ ಅವತಾರವನ್ನು ತಡೆಯುವ ಭೌತಿಕ ಆಕಾರವನ್ನು ಕಾನ್ವೆಕ್ಸ್ ಹಲ್ (ಇಡೀ ವಸ್ತುವನ್ನು ಹೊರಗಿನಿಂದ ಬಿಗಿದು ಸುತ್ತಿದಂತಹ ಆಕಾರ) ಎಂದು ಬಿಟ್ಟರೆ ಕಂಬಗಳ ನಡುವಿನ ಬಯಲೂ ಗಟ್ಟಿಯಾಗಿ, ಅವತಾರ ಒಳಗೆ ಹೋಗಲಾರದು; ಸರಳ ಪೆಟ್ಟಿಗೆಗಳಿಂದ ಮಾಡಿದ ಬೇರೊಂದು ಆಕಾರವನ್ನು ಅದಕ್ಕೆಂದೇ ಕೊಟ್ಟು, ವಸ್ತುವಿನ ಭೌತಿಕ ವಿಧವನ್ನು ಪ್ರಿಮ್ ಎಂದು ಬದಲಿಸಬೇಕು.

ಬೇರೆ ಲೋಕಗಳಿಗೂ ಈ ಕೆಲಸ ಒದಗುತ್ತದೆ. ವಿಆರ್‌ಚಾಟ್‌ಗೆ ಆಟಗಳನ್ನು ಕಟ್ಟುವ ಯೂನಿಟಿ ತಂತ್ರಾಂಶದ ಮೂಲಕ ಹೋಗಬೇಕು; ಕಂಪ್ಯೂಟರಿನಲ್ಲಿ ಅವತಾರದ ಹಗುರತನಕ್ಕೆ ಅತ್ಯುತ್ತಮ ದರ್ಜೆ ಸಿಗಲು ಇಡೀ ಅವತಾರ 32,000 ತ್ರಿಕೋನಗಳನ್ನು ಮೀರಬಾರದು. ರೋಬ್ಲಾಕ್ಸ್ ಆಡುವ ಮಕ್ಕಳು 585 ಪಿಕ್ಸೆಲ್ ಅಗಲ, 559 ಪಿಕ್ಸೆಲ್ ಎತ್ತರದ ಅಂಗಿಯ ನಮೂನೆಯ ಮೇಲೆ ಚಿತ್ರ ಬರೆದು ಆರಂಭಿಸಬಹುದು.

ಸೀರೆಯನ್ನು ಇತರರಿಗೆ ಕೊಡುವಾಗ ನಕಲು, ತಿದ್ದುಪಡಿ, ವರ್ಗಾವಣೆ ಎಂಬ ಮೂರು ಅನುಮತಿಗಳನ್ನು ಬಿಡಿಬಿಡಿಯಾಗಿ ನಿರ್ಧರಿಸಬಹುದು. ಬಣ್ಣ ಬದಲಿಸಿಕೊಳ್ಳುವ ಸ್ವಾತಂತ್ರ್ಯ ಉಟ್ಟವರಿಗೆ ಇರಲೆಂದು ತಿದ್ದುಪಡಿಯ ಅನುಮತಿಯನ್ನು ಕೊಡುವುದೇ ನನಗೆ ಸರಿ ಎನಿಸುತ್ತದೆ. ಕೊಡುವ ಮುನ್ನ ಅದನ್ನು ತೊಟ್ಟು ನಡೆದು, ಓಡಿ, ನೆಲದ ಮೇಲೆ ಕುಳಿತು, ಎರಡೂ ಕೈ ಮೇಲೆತ್ತಿ ನೋಡಿ; ಕುಳಿತಾಗ ಮೊಣಕಾಲು ಹೊರಬಂದರೆ ತೊಡೆ ಮತ್ತು ಮೊಣಕಾಲಿನ ಮೂಳೆಗಳ ತೂಕವನ್ನು ಮತ್ತೆ ತಿದ್ದಬೇಕು. ದಿನದ ಕೆಲಸ ಮುಗಿದ ಮೇಲೆ ಓಪನ್‌ಸಿಮ್‌ನ ಆದೇಶ ಕಿಟಕಿಯಲ್ಲಿ ನೆಲವನ್ನು ಓಎಆರ್ ಕಡತವಾಗಿಯೂ ಅವತಾರದ ಸಾಮಾನುಗಳನ್ನು ಐಎಆರ್ ಕಡತವಾಗಿಯೂ ಉಳಿಸಿ, ಶಟ್‌ಡೌನ್ ಆದೇಶ ಕೊಟ್ಟೇ ಮುಚ್ಚಿ. ನಡುವೆ ಕರೆಂಟು ಹೋಗಿ ದತ್ತಾಂಶ ಕೆಟ್ಟರೂ ಆ ಎರಡು ಕಡತಗಳಿಂದ ಎಲ್ಲವನ್ನೂ ಮರಳಿ ತರಬಹುದು.