ವಿದೇಶಿ ಅತಿಥಿಯ ಮಾಹಿತಿ ಹೋಮ್‌ಸ್ಟೇಗೆ ಬರುವ ಮುನ್ನ: ನೀತಿಸಂಹಿತೆ ಬಳಸುವುದು ಹೇಗೆ?

ಕಕ್ಕಬ್ಬೆಯ ಹೋಮ್‌ಸ್ಟೇ ಒಂದಕ್ಕೆ ಜರ್ಮನಿಯ ಟ್ರಾವೆಲ್ ಏಜೆನ್ಸಿಯಿಂದ ಪಟ್ಟಿ ಬರುತ್ತದೆ ಎಂದಿಟ್ಟುಕೊಳ್ಳಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಕೊನೆಯ ಕಾಲಂನಲ್ಲಿ ‘ಶೇಂಗಾ ಅಲರ್ಜಿ’, ‘ಪಂದಿಕರಿ ಬೇಡ’. ಅಡುಗೆಮನೆಗೆ ಇದು ಊಟದ ಸೂಚನೆ ಅಷ್ಟೇ. ಜನರ ವೈಯಕ್ತಿಕ ಮಾಹಿತಿ ಕಾಪಾಡುವ ಐರೋಪ್ಯ ಒಕ್ಕೂಟದ ಜಿಡಿಪಿಆರ್ ಕಾನೂನಿಗೆ ಮಾತ್ರ ಮೊದಲನೆಯದು ಆರೋಗ್ಯದ ಮಾಹಿತಿ, ಎರಡನೆಯದರಿಂದ ಧರ್ಮದ ಸುಳಿವೂ ಸಿಗಬಹುದು. ಭಾರತದಲ್ಲಿ ಮಾಹಿತಿ ರಕ್ಷಣೆ ಸಾಕಷ್ಟಿದೆ ಎಂಬ ಮಾನ್ಯತೆಯನ್ನು ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ಕೊಟ್ಟಿಲ್ಲ. ಹಾಗಾಗಿ ಪಟ್ಟಿ ಕಳಿಸಲು ಏಜೆನ್ಸಿಗೆ ಬೇರೆ ಆಧಾರ ಬೇಕು. ಅನುಮೋದಿತ ನೀತಿಸಂಹಿತೆ, ಅಂದರೆ ಮಾಹಿತಿಯನ್ನು ಹೇಗೆ ನೋಡಿಕೊಳ್ಳಬೇಕು ಎಂದು ಒಂದು ಕ್ಷೇತ್ರದ ಸಂಘಟನೆ ಬರೆದ ನಿಯಮಾವಳಿ, ಅಂಥ ಆಧಾರಗಳಲ್ಲಿ ಒಂದು. ಜಿಡಿಪಿಆರ್‌ನ 46ನೇ ವಿಧಿಯಲ್ಲೇ ಇದೆ.

ಮೊದಲು, ಇದು ಕಾನೂನು ಹೇಳುವ ‘ರವಾನೆ’ಯೇ, ಅಂದರೆ ಒಕ್ಕೂಟದ ಹೊರಗಿನ ದೇಶಕ್ಕೆ ಮಾಹಿತಿ ಕಳಿಸುವುದೇ, ನೋಡಿ. ಅತಿಥಿ ತಾನೇ ನಿಮಗೆ ಇಮೇಲ್ ಮಾಡಿ ರೂಮ್ ಹಿಡಿದರೆ ಅದು ರವಾನೆ ಅಲ್ಲ. ಅಲ್ಲಿನ ಕಂಪನಿ ನಿಮಗೆ ಕಳಿಸಿದರೆ ಹೌದು.

ಎರಡನೆಯದು, ಸರಿಯಾದ ಸಂಹಿತೆ ಹುಡುಕುವುದು. ಜನ ಎಡವುವುದು ಇಲ್ಲೇ. ನಮ್ಮ ಸಂಘದವರು ಮಡಿಕೇರಿಯಲ್ಲಿ ಸಭೆ ಸೇರಿ ನಿಯಮ ಬರೆದು ಫ್ರೇಮ್ ಹಾಕಿಸಿದರೆ ಯುರೋಪಿನಲ್ಲಿ ಅದು ನಡೆಯುವುದಿಲ್ಲ. ಆಯಾ ಕ್ಷೇತ್ರದ ಸಂಘಟನೆ ಬರೆದ ಸಂಹಿತೆಯನ್ನು ಅಲ್ಲಿನ ಮಾಹಿತಿ ರಕ್ಷಣಾ ಪ್ರಾಧಿಕಾರ ಅನುಮೋದಿಸಬೇಕು, ಆಮೇಲೆ ಕಮಿಷನ್ ಅದಕ್ಕೆ ಒಕ್ಕೂಟವಿಡೀ ಅನ್ವಯಿಸುವ ಮಾನ್ಯತೆ ಕೊಡಬೇಕು. ಅನುಮೋದನೆ ಸಿಕ್ಕ ಸಂಹಿತೆಗಳೆಲ್ಲ ರವಾನೆಗೆ ಒದಗುತ್ತವೆ ಎಂದೂ ಅಲ್ಲ. 2021ರ ಮೇನಲ್ಲಿ ಬೆಲ್ಜಿಯಂ ಪ್ರಾಧಿಕಾರ ಒಪ್ಪಿದ ಕ್ಲೌಡ್ ಸೇವೆಗಳ ಸಂಹಿತೆ ಬೇರೆ ದೇಶಕ್ಕೆ ಮಾಹಿತಿ ಕಳಿಸುವ ಆಧಾರವಾಗಿ ಬಂದದ್ದಲ್ಲ.

ಸಂಹಿತೆಗೆ ಸೇರಿದರಷ್ಟೇ ಸಾಲದು, ಕರಾರಿನ ಮೂಲಕ ಕಟ್ಟುಬೀಳಬೇಕು. ತನ್ನ ಮಾಹಿತಿ ಸೋರಿದರೆ ಆ ಜರ್ಮನ್ ಅತಿಥಿಯೇ ನೇರವಾಗಿ ನಿಮ್ಮ ಮೇಲೆ ದಾವೆ ಹೂಡಬಹುದು ಎಂಬ ಕಲಂ ಅದರಲ್ಲಿರುತ್ತದೆ. ಸಹಿ ಹಾಕುವ ಮುಂಚೆ ವಕೀಲರಿಗೆ ತೋರಿಸಿ. ಒಂದು ಅನುಕೂಲವೂ ಇದೆ: ಕಳಿಸುವ ಏಜೆನ್ಸಿ ಸಂಹಿತೆಗೆ ಸೇರಲೇಬೇಕೆಂದಿಲ್ಲ, ಪಡೆಯುವ ನೀವು ಸೇರಿದ್ದರೆ ಸಾಕು. ಪ್ರತಿ ಏಜೆನ್ಸಿಯ ಜೊತೆ ಬೇರೆಬೇರೆ ಕಾಗದಪತ್ರ ಮಾಡುವ ಚಿಕ್ಕ ಮಾಲೀಕರಿಗೆ ಇದು ಹಗುರ ಎಂದೇ ನನ್ನ ಲೆಕ್ಕ.

ಆಮೇಲೆ ನಮ್ಮ ಕಾನೂನಿನ ಪರಿಶೀಲನೆ. 2020ರ ಜುಲೈನಲ್ಲಿ ಐರೋಪ್ಯ ನ್ಯಾಯಾಲಯ ಅಮೆರಿಕಕ್ಕೆ ಮಾಹಿತಿ ಕಳಿಸಲು ಇದ್ದ ‘ಪ್ರೈವೆಸಿ ಶೀಲ್ಡ್’ ವ್ಯವಸ್ಥೆಯನ್ನು ರದ್ದು ಮಾಡಿದ ಮೇಲೆ, ಮಾಹಿತಿ ತಲುಪುವ ದೇಶದಲ್ಲಿ ಸರ್ಕಾರ ಅದನ್ನು ಎಷ್ಟು ಕೇಳಬಹುದು ಎಂದು ನೋಡಲೇಬೇಕಾಗಿದೆ. ನಮ್ಮಲ್ಲಿ ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಸರ್ಕಾರ ತಡೆದು ನೋಡಲು ಅವಕಾಶ ಕೊಡುವ ಐಟಿ ಕಾಯ್ದೆಯ 69ನೇ ಸೆಕ್ಷನ್ ಇದೆ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಎಫ್‌ಆರ್‌ಆರ್‌ಓಗೆ (ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ) ತಿಳಿಸಬೇಕಾದ ಕೆಲಸವೂ ನಿಮ್ಮದೇ. ಇವೆರಡನ್ನೂ ಮುಚ್ಚಿಡಬೇಡಿ, ಬರೆದು ಏಜೆನ್ಸಿಗೆ ಕೊಡಿ.

ಪಾಲನೆ ಆಗುತ್ತಿದೆಯೇ ಎಂದು ನೋಡಲು ಮಾನ್ಯತೆ ಪಡೆದ ಮೇಲ್ವಿಚಾರಣಾ ಸಂಸ್ಥೆ ಇರುತ್ತದೆ. ತಪ್ಪಿದರೆ ಸಂಹಿತೆಯಿಂದ ಅಮಾನತು ಮಾಡುವ, ಹೊರಹಾಕುವ ಅಧಿಕಾರ ಅದಕ್ಕಿದೆ. ಅವರು ಮೊದಲು ಕೇಳುವಂಥವು ಸಣ್ಣ ಸಂಗತಿಗಳೇ: ಪಾಸ್‌ಪೋರ್ಟ್ ಫೋಟೊ ಡ್ರೈವರ್‌ನ ವಾಟ್ಸ್ಆ್ಯಪ್‌ಗೆ ಯಾಕೆ ಹೋಯಿತು, ಅತಿಥಿ ಹೋದ ಮೇಲೂ ಅಲರ್ಜಿ ಪಟ್ಟಿ ಫ್ರಿಜ್ ಮೇಲೆ ಯಾಕೆ ಅಂಟಿಕೊಂಡಿದೆ?

ನಿಮ್ಮ ಕ್ಷೇತ್ರಕ್ಕೆ ಹೊಂದುವ ಸಂಹಿತೆ ಸಿಗದಿದ್ದರೆ, ಕಮಿಷನ್ 2021ರ ಜೂನ್‌ನಲ್ಲಿ ಹೊರತಂದ ಸಿದ್ಧ ಕರಾರು ಷರತ್ತುಗಳಿಗೆ ಏಜೆನ್ಸಿಯ ಜೊತೆ ಸಹಿ ಹಾಕಿ.