ಟ್ರೈಪಾಡ್‌ಗೆ ತಲೆ ಕೂರಿಸುವ ಮುಂಚೆ

ಹಂಪಿಯ ಮಾತಂಗ ಬೆಟ್ಟದ ಮೇಲೆ ಒಂದು ಬೆಳಗ್ಗೆ ಸೂರ್ಯೋದಯಕ್ಕೆ ಕಾಯುತ್ತಾ ನಿಂತಿದ್ದೆವು. ಪಕ್ಕದ ಹುಡುಗನ ಟ್ರೈಪಾಡ್ ಕಾರ್ಬನ್ ಫೈಬರ್‌ನದು, ನೋಡಿದರೆ ಹೊಟ್ಟೆಕಿಚ್ಚು ಬರಬೇಕು. ಕೆಳಗಿನ ಅಚ್ಯುತರಾಯ ದೇವಸ್ಥಾನಕ್ಕೆ ಫ್ರೇಮ್ ಹೊಂದಿಸಿದ, ನಾಬ್ ಬಿಗಿ ಮಾಡಿದ, ಕೈಬಿಟ್ಟ. ಲೆನ್ಸು ಮೆಲ್ಲಗೆ ಕೆಳಗೆ ಬಾಗಿತು. ಎತ್ತಿ ಬಿಗಿ ಮಾಡಿದ. ಮತ್ತೆ ಬಾಗಿತು. ಹೀಗೆ ನಾಲ್ಕು ಸಲ ಆಗುವಷ್ಟರಲ್ಲಿ ಕೆಂಪೆಲ್ಲ ಕರಗಿ ಬಿಸಿಲೇ ಬಂದುಬಿಟ್ಟಿತ್ತು. ಕಾಲಿಗೆ ಸುರಿದ ದುಡ್ಡಿನಲ್ಲಿ ಸ್ವಲ್ಪ ತಲೆಗೂ, ಅಂದರೆ ಕಾಲುಗಳ ಮೇಲೆ ಕೂತು ಕ್ಯಾಮೆರಾ ಹಿಡಿಯುವ ಭಾಗಕ್ಕೂ, ಉಳಿಸಿಕೊಂಡಿದ್ದರೆ ಈ ಗೋಳು ಇರುತ್ತಿರಲಿಲ್ಲ.

1. ತೂಕ ನೋಡಿ. ಅಡುಗೆಮನೆಯ ತಕ್ಕಡಿ ಸಾಕು. ಕ್ಯಾಮೆರಾಗೆ ನಿಮ್ಮ ಅತಿ ಭಾರದ ಲೆನ್ಸ್ ಹಾಕಿ ತೂಗಿ. ಬಂದ ತೂಕದ ಮೂರು ಪಟ್ಟನ್ನಾದರೂ ಹೊರುತ್ತೇನೆ ಅನ್ನುವ ತಲೆ ತಗೊಳ್ಳಿ. ಡಬ್ಬಿಯ ಮೇಲೆ ‘20 ಕಿಲೊ’ ಅಂತ ಬರೆದಿರುತ್ತಾರೆ. ಅದು ಮುರಿಯದೆ ಹೊರುವ ಲೆಕ್ಕ ಇರಬಹುದು, ಅಲುಗದೆ ಹಿಡಿಯುವ ಲೆಕ್ಕ ಅಲ್ಲ.

2. ಯಾವ ತಲೆ? ನಿಸರ್ಗ, ಊರು, ಪ್ರವಾಸಕ್ಕೆಲ್ಲ ಬಾಲ್ ಹೆಡ್, ಅಂದರೆ ಒಂದು ಗುಂಡಿನ ಮೇಲೆ ಎತ್ತ ಬೇಕಾದರೂ ತಿರುಗುವ ತಲೆ. ಕಟ್ಟಡ ಅಥವಾ ಟೇಬಲ್ ಮೇಲಿನ ವಸ್ತುಗಳನ್ನು ನಿಧಾನವಾಗಿ ತೆಗೆಯುವವರಿಗೆ ಒಂದೊಂದು ದಿಕ್ಕಿಗೆ ಒಂದೊಂದರಂತೆ ಮೂರು ಹಿಡಿಯ ಪ್ಯಾನ್-ಟಿಲ್ಟ್. ವಿಡಿಯೊಗೆ ಜರ್ಕಿಲ್ಲದೆ ನುಣುಪಾಗಿ ತಿರುಗುವ ಫ್ಲೂಯಿಡ್ ಹೆಡ್. 150-600 ಮಿ.ಮೀ.ನಂಥ ಉದ್ದ ಲೆನ್ಸಿನಲ್ಲಿ ಹಾರುವ ಹಕ್ಕಿ ಹಿಡಿಯುವವರಿಗೆ ಗಿಂಬಲ್, ಅಂದರೆ ಭಾರದ ಲೆನ್ಸನ್ನು ಸಮತೂಕದಲ್ಲಿಟ್ಟು ಸಲೀಸಾಗಿ ತಿರುಗಿಸುವ ತಲೆ. ಅದೂ ನೆಲದ ಮೇಲೆ ನಿಂತಾಗ ಮಾತ್ರ. ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ಬಿಚ್ಚಿ ಕೂರಬೇಡಿ, ದೋಣಿಯೇ ಅಲ್ಲಾಡುವಾಗ ಅದೇನು ಮಾಡೀತು?

ಬಾಲ್ ಹೆಡ್ ತಗೊಳ್ಳುವುದಾದರೆ ಮೂರು ತಿರುಪು ಇರುವುದನ್ನೇ ತಗೊಳ್ಳಿ: ಗುಂಡು ಬಿಗಿಯಲು ಒಂದು, ಬುಡ ತಿರುಗಿಸಲು ಒಂದು, ಗುಂಡು ಎಷ್ಟು ಸಡಿಲ ಇರಬೇಕು ಎಂದು ಹೊಂದಿಸಲು ಇನ್ನೊಂದು. ಈ ಮೂರನೆಯದಿಲ್ಲದ ತಲೆಯಲ್ಲಿ ನಾಬ್ ಸಡಿಲಿಸಿದ ಕೂಡಲೇ ಕ್ಯಾಮೆರಾ ಪಕ್ಕಕ್ಕೆ ದೊಪ್ಪನೆ ವಾಲಿ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ.

3. ಬುಡದ ಸ್ಕ್ರೂ. ತಲೆಯ ಬುಡ ಕೂರುವ ಸ್ಕ್ರೂ ದೊಡ್ಡ ಟ್ರೈಪಾಡ್‌ಗಳಲ್ಲಿ 3/8 ಇಂಚು, ಚಿಕ್ಕವುಗಳಲ್ಲಿ 1/4 ಇಂಚು. ಹೊಂದದಿದ್ದರೆ ಒಂದು ಪುಟ್ಟ ಹಿತ್ತಾಳೆ ಬುಷ್ ಸಿಗುತ್ತದೆ, ಮುಗಿಯಿತು.

4. ಪ್ಲೇಟ್. ಕ್ಯಾಮೆರಾ ತಳಕ್ಕೆ ಬಿಗಿಯುವ ಪಟ್ಟಿ ಇದು, ತಲೆಯ ಮೇಲಿನ ಕ್ಲ್ಯಾಂಪ್ ಇದನ್ನೇ ಕಚ್ಚಿ ಹಿಡಿಯುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಕಣ್ಣು ಮುಚ್ಚಿಕೊಂಡು ಆರ್ಕಾ-ಸ್ವಿಸ್ ಮಾದರಿಗೆ ಹೋಗಿ. ಇಳಿಜಾರು ಅಂಚಿನ, ಸುಮಾರು 38 ಮಿ.ಮೀ. ಅಗಲದ ಪಟ್ಟಿ ಅದು. ಹತ್ತಾರು ಕಂಪನಿಗಳು ಮಾಡುತ್ತವೆ, ಕಳೆದುಹೋದರೆ ಇನ್ನೊಂದು ಸಿಗುತ್ತದೆ. ಮ್ಯಾನ್‌ಫ್ರೊಟ್ಟೊ ಕಂಪನಿಯ ಆರ್‌ಸಿ2 ಪ್ಲೇಟೂ ಒಳ್ಳೆಯದೇ, ಆದರೆ ಆರ್ಕಾ ಕ್ಲ್ಯಾಂಪಿನ ಬಾಯಿಗೆ ಕೂರುವುದಿಲ್ಲ. ಎರಡೂ ಮಾದರಿ ಚೀಲದಲ್ಲಿಟ್ಟುಕೊಂಡರೆ ಬೆಟ್ಟ ಹತ್ತಿದ ಮೇಲೆ ತಪ್ಪು ಪ್ಲೇಟೇ ಕೈಗೆ ಬರುತ್ತದೆ, ಬೇಕಾದರೆ ನೋಡಿ.

ಒಂದು ತಕರಾರಿದೆ. ಈ 38 ಮಿ.ಮೀ. ಒಂದೊಂದು ಕಂಪನಿಯಲ್ಲಿ ಕೂದಲೆಳೆಯಷ್ಟು ಆಚೀಚೆ. ತಿರುಪಿನ ಕ್ಲ್ಯಾಂಪ್ ಆದರೆ ಎಷ್ಟು ಬೇಕೋ ಅಷ್ಟು ಬಿಗಿದುಕೊಳ್ಳುತ್ತದೆ. ಲಿವರ್ ಕ್ಲ್ಯಾಂಪ್ ಹಾಗಲ್ಲ. ನನ್ನದೊಂದು ಲಿವರ್ ‘ಟಕ್’ ಅಂತ ಮುಚ್ಚಿಕೊಂಡಿತ್ತು. ಸದ್ದು ಕೇಳಿ ನಂಬಿ ಕೈಬಿಟ್ಟೆ. ಬೇರೆ ಕಂಪನಿಯ ಪ್ಲೇಟ್, ಹಲ್ಲಿನ ನಡುವೆ ಸುಮ್ನೆ ಕೂತಿತ್ತು ಅಷ್ಟೇ. ಕ್ಯಾಮೆರಾ ಬಂಡೆಗೆ ಬಡಿದು ಲೆನ್ಸಿನ ಫಿಲ್ಟರ್ ಉಂಗುರ ಸೊಟ್ಟಗಾಯಿತು. ಅಂದಿನಿಂದ ನನ್ನದು ತಿರುಪೇ. ನಿಮಗೆ ಲಿವರೇ ಬೇಕೆಂದರೆ ತಲೆ, ಪ್ಲೇಟ್ ಎರಡನ್ನೂ ಒಂದೇ ಕಂಪನಿಯದು ತಗೊಳ್ಳಿ.

5. ಪ್ಲೇಟ್ ಬಿಗಿಯುವುದು. ಕ್ಯಾಮೆರಾ ತಳ, ಪ್ಲೇಟ್ ಎರಡನ್ನೂ ಒಣಬಟ್ಟೆಯಲ್ಲಿ ಒರೆಸಿ. ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಪ್ಲೇಟ್ ಸಮನಾಗಿ ಕೂರುವುದಿಲ್ಲ. ಪ್ಲೇಟಿನ ಹಿಂದೆ ಮೇಲೆದ್ದ ಅಂಚು ಇದ್ದರೆ ಅದು ಕ್ಯಾಮೆರಾದ ಬೆನ್ನಿಗೆ ಒತ್ತಿಕೊಂಡಿರಲಿ. ಬ್ಯಾಟರಿ ಬಾಗಿಲು ತೆರೆಯುತ್ತದಾ ಅಂತ ಈಗಲೇ ನೋಡಿ. ಮೊದಲು ಬೆರಳಲ್ಲಿ ತಿರುಗಿಸಿ, ಅದು ನಿಂತ ಮೇಲೆ ಅಲೆನ್ ಕೀಯಲ್ಲಿ ಇನ್ನು ಕಾಲು ಸುತ್ತು. ಸಾಕು. ಬಲ ಹಾಕಿದರೆ ಕ್ಯಾಮೆರಾ ತಳದ ಸ್ಕ್ರೂ ರಂಧ್ರದ ಎಳೆ ಹಾಳಾಗುತ್ತದೆ. ಸ್ಕ್ರೂ ತೀರಾ ಉದ್ದ ಇರಲೂಬಾರದು, 5.5 ಮಿ.ಮೀ.ಗಿಂತ ಚಿಕ್ಕದಿರಲಿ ಎಂದು ಸೋನಿ ಕೈಪಿಡಿಯಲ್ಲೇ ಇದೆ.

ಇನ್ನು ನಿಲುವಿನ ಚಿತ್ರಕ್ಕೆಂದು ಕ್ಯಾಮೆರಾ ಉದ್ದಕ್ಕೆ ತಿರುಗಿಸುವ ಮಾತು. ಆಗ ಇಡೀ ಭಾರ ಆ ಒಂದೇ 1/4 ಇಂಚಿನ ಸ್ಕ್ರೂ ಸುತ್ತ ತಿರುಗಲು ಎಳೆಯುತ್ತದೆ. ದಪ್ಪ ಮೆತ್ತನೆ ರಬ್ಬರಿನ ಪ್ಲೇಟ್ ಆದರೆ ಕೇಳುವುದೇ ಬೇಡ. ನೀವು ಬಿಗಿದದ್ದೆಲ್ಲ ರಬ್ಬರ್ ಕುಗ್ಗಿದ್ದಕ್ಕೇ ಖರ್ಚಾಗಿರುತ್ತದೆ. ಇದಕ್ಕೆ ಗಮ್ ಹಾಕಿದವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಕ್ಯಾಮೆರಾದ ತಳಕ್ಕೂ ಪಕ್ಕಕ್ಕೂ ಪಟ್ಟಿ ಬರುವ ಎಲ್ ಆಕಾರದ ಬ್ರಾಕೆಟ್ ತಗೊಳ್ಳಿ. ಕ್ಯಾಮೆರಾವನ್ನು ತಲೆಯಿಂದ ಬಿಚ್ಚಿ ಪಕ್ಕದ ಪಟ್ಟಿಯ ಮೇಲೆ ಕೂರಿಸಿದರೆ ಭಾರ ಟ್ರೈಪಾಡ್‌ನ ನಡುವೆಯೇ ಉಳಿಯುತ್ತದೆ. ಬಾಗುವ ಪ್ರಶ್ನೆಯೇ ಇಲ್ಲ.

70-200 ಮಿ.ಮೀ.ನಂಥ ಲೆನ್ಸಿಗೆ ಟ್ರೈಪಾಡ್ ಮೇಲೆ ಕೂರಿಸಲೆಂದೇ ಕೊಟ್ಟ ಕಾಲು ಇದ್ದರೆ ಪ್ಲೇಟ್ ಅದಕ್ಕೇ, ಕ್ಯಾಮೆರಾಗಲ್ಲ. ಉದ್ದನೆಯ ಪ್ಲೇಟ್ ಹಾಕಿ, ಮುಂದೆ ಹಿಂದೆ ಸರಿಸಿ ತೂಕ ಸಮ ಮಾಡಿಕೊಳ್ಳಿ. ಪ್ಲೇಟಿನ ಎರಡು ತುದಿಯಲ್ಲಿ ಪುಟ್ಟ ಸ್ಕ್ರೂಗಳಿರುತ್ತವೆ, ಅಡ್ಡ ಬರುತ್ತವೆ ಅಂತ ಕಿತ್ತೆಸೆಯಬೇಡಿ. ಕ್ಲ್ಯಾಂಪ್ ಸಡಿಲವಾದ ದಿನ ಪ್ಲೇಟ್ ಜಾರಿ ಆಚೆ ಬೀಳದಂತೆ ತಡೆಯುವುದು ಅವೇ.

6. ಅಂಗಡಿಯಲ್ಲೇ ಪರೀಕ್ಷೆ. ನಿಮ್ಮ ಕ್ಯಾಮೆರಾ, ನಿಮ್ಮ ಲೆನ್ಸ್ ಒಯ್ಯಿರಿ. ದೂರದ ಬೋರ್ಡಿನ ಒಂದು ಅಕ್ಷರವನ್ನು ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿ ನಡುವೆ ತನ್ನಿ. ಬಿಗಿದು ಕೈ ತೆಗೆಯಿರಿ. ಅಕ್ಷರ ಕೂದಲಷ್ಟು ಕೆಳಗಿಳಿದು ನಿಂತರೆ ಪರವಾಗಿಲ್ಲ. ಇಳಿಯುತ್ತಲೇ ಇದ್ದರೆ ಡಬ್ಬಿ ವಾಪಸ್. ಕ್ಯಾಮೆರಾವನ್ನು ಉದ್ದಕ್ಕೆ ಹಾಕಿಯೂ ಒಮ್ಮೆ ನೋಡಿ. ‘ಎಲ್ಲಾ ಹೀಗೇ ಸಾರ್’ ಅಂತಾರೆ ಅಂಗಡಿಯವರು. ಎಲ್ಲಾ ಹಾಗಿರಲ್ಲ.

ಮನೆಗೆ ಬಂದ ಮೇಲೂ ಪ್ರತಿ ಸಲ ಕ್ಯಾಮೆರಾ ಕೂರಿಸಿದಾಗ ಕೊರಳಪಟ್ಟಿ ಒಂದು ಕೈಯಲ್ಲಿರಲಿ. ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಮೇಲಕ್ಕೊಮ್ಮೆ ಎಳೆದು ನೋಡಿ. ಟ್ರೈಪಾಡೂ ಜೊತೆಗೇ ಎದ್ದು ಬಂದರೆ ಮಾತ್ರ ಪಟ್ಟಿ ಬಿಡಿ.