ಗಂಗಾವತಿಯ ನಾಲ್ಕು ಅಂಕ, ದೇವದುರ್ಗದ ಒಂದೂವರೆ ಅಂಕ

ವರದಿಯ ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: "ಗಂಗಾವತಿಯಲ್ಲಿ ಕಂಡ ಪರಿಣಾಮ ದೇವದುರ್ಗದಲ್ಲಿ ಕಾಣಲಿಲ್ಲ. ಮರುಪ್ರಯೋಗ ವಿಫಲ." ಬರೆಯಲು ಎರಡು ನಿಮಿಷ ಸಾಕಾಗಿತ್ತು. ಅಳಿಸಲು ಎರಡು ವಾರ ಹಿಡಿಯಿತು.

ವಿಷಯ ಸರಳ. ಪಾಠವನ್ನು ಎರಡು ಸಲ ಓದುವುದಕ್ಕಿಂತ ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದರೆ ಹೆಚ್ಚು ಕಾಲ ಉಳಿಯುತ್ತದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ತೋರಿಸಿದ್ದರು: ಐದು ನಿಮಿಷಕ್ಕೇ ಪರೀಕ್ಷೆ ಇಟ್ಟರೆ ಮತ್ತೆ ಓದಿದವರು ಮುಂದೆ, ವಾರ ಬಿಟ್ಟು ಇಟ್ಟರೆ ನೆನಪಿಸಿಕೊಂಡವರು ಮುಂದೆ. ಗಂಗಾವತಿ ಕಡೆಯ ಹಿರಿಯ ಮೇಷ್ಟ್ರೊಬ್ಬರು ಗುಂಪಿಗೆ 20ರಂತೆ 40 ಮಕ್ಕಳ ಮೇಲೆ ಅದನ್ನು ಮಾಡಿ ನೋಡಿದ್ದರು. ನಾನು ರಾಯಚೂರಿನಲ್ಲಿ ಬಿ.ಎಡ್. ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ಆ ಮೇಷ್ಟ್ರ ಪ್ರಶ್ನೆಪತ್ರಿಕೆಯನ್ನೇ ಇಟ್ಟುಕೊಂಡು ದೇವದುರ್ಗ ತಾಲ್ಲೂಕಿನ ಶಾಲೆಗಳಿಗೆ ಹೋದೆ. 150 ಮಕ್ಕಳಿಂದ ಶುರುವಾಗಿ 120ಕ್ಕೆ ನಿಂತಿತು. ಹತ್ತಿ ಬಿಡಿಸುವ ಕಾಲ. ಎರಡನೆಯ ಪರೀಕ್ಷೆಯ ದಿನ ಹಿಂದಿನ ಸಾಲುಗಳೆಲ್ಲ ಹೊಲದಲ್ಲಿದ್ದವು.

ಪಿ ಮೌಲ್ಯ ಎಂದರೆ ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ; ಅದು 0.05ರ ಗೆರೆಗಿಂತ ಕೆಳಗಿದ್ದರೆ ಸಿಗ್ನಿಫಿಕೆಂಟ್ ಎನ್ನುವುದು ರೂಢಿ. ಗಂಗಾವತಿಯ ಪಿ ಮೌಲ್ಯ 0.05ಕ್ಕಿಂತ ಬಹಳ ಕೆಳಗೆ. ನನ್ನದು 0.10. ಅಲ್ಲಿ ಸಿಗ್ನಿಫಿಕೆಂಟ್, ಇಲ್ಲಿ ಅಲ್ಲ; ಆದ್ದರಿಂದ ವಿಫಲ ಎಂದು ಬರೆದುಬಿಟ್ಟೆ. ತರಗತಿಯಲ್ಲಿ ವಿದ್ಯಾರ್ಥಿಗಳು ಹೀಗೆ ಬರೆದರೆ ಕೆಂಪು ಗೆರೆ ಎಳೆಯುವವನು ನಾನೇ. ಒಂದು ಫಲಿತಾಂಶ ಗೆರೆಯ ಈಚೆ, ಇನ್ನೊಂದು ಆಚೆ ಎಂದ ಮಾತ್ರಕ್ಕೆ ಅವೆರಡರ ನಡುವಿನ ವ್ಯತ್ಯಾಸ ಸಾಬೀತಾಗುವುದಿಲ್ಲ ಎಂದು ಸಂಖ್ಯಾಶಾಸ್ತ್ರಜ್ಞರಾದ ಗೆಲ್ಮನ್ ಮತ್ತು ಸ್ಟರ್ನ್ 2006ರಲ್ಲೇ ವಿವರಿಸಿದ್ದಾರೆ. ಅದನ್ನು ಪಾಠ ಮಾಡಿದ ಬಾಯಿಯೇ ಮರೆತಿತ್ತು.

ಹಾಗಾದರೆ ಎರಡೂ ಪರಿಣಾಮ ಗಾತ್ರಗಳನ್ನು, ಅಂದರೆ ಗುಂಪುಗಳ ಅಂತರವನ್ನು ಅಂಕಗಳ ಚದುರುವಿಕೆಯಿಂದ ಭಾಗಿಸಿ ಬಂದ ಸಂಖ್ಯೆಗಳನ್ನು, ಅಕ್ಕಪಕ್ಕ ಇಡೋಣವೆಂದು ಕುಳಿತೆ. ಅವರದು 1.03, ನನ್ನದು 0.30. ಇಷ್ಟು ಅಂತರವೇ? ಅನುಮಾನ ಬಂದು ಮೇಷ್ಟ್ರಿಗೆ ಫೋನ್ ಮಾಡಿ ಅಂಕಪಟ್ಟಿ ಕೇಳಿದೆ. ಪುಣ್ಯಕ್ಕೆ ನೋಟ್‌ಬುಕ್ಕನ್ನು ಜೋಪಾನವಾಗಿ ಇಟ್ಟಿದ್ದರು. ಪುಟಗಳ ಫೋಟೋ ತೆಗೆದು ಕಳುಹಿಸಿದರು. 25 ಅಂಕಗಳ ಪರೀಕ್ಷೆಯಲ್ಲಿ ಎರಡು ಗುಂಪುಗಳ ಸರಾಸರಿಯ ಅಂತರ 4 ಅಂಕ. ಅದನ್ನು ಅವರು ಭಾಗಿಸಿದ್ದು 3.87ರಿಂದ, ಅಂದರೆ ಪ್ರತಿ ಮಗುವಿನ ಅಂಕ ಎಷ್ಟು ಏರಿತು ಎಂಬುದರ ಮಾನಕ ವಿಚಲನೆಯಿಂದ (ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ). ನಾನು ನನ್ನ 1.5 ಅಂಕವನ್ನು ಭಾಗಿಸಿದ್ದು ಕೊನೆಯ ಪರೀಕ್ಷೆಯ ಅಂಕಗಳ ಮಾನಕ ವಿಚಲನೆ 5ರಿಂದ. ಮೊದಲ ಮತ್ತು ಕೊನೆಯ ಪರೀಕ್ಷೆಗಳ ಅಂಕಗಳಿಗೆ ಒಳ್ಳೆಯ ಸಂಬಂಧವಿದ್ದಾಗ ಏರಿಕೆಯ ವಿಚಲನೆ ಚಿಕ್ಕದಾಗುತ್ತದೆ, ಅದರಿಂದ ಭಾಗಿಸಿದ ಗಾತ್ರ ದೊಡ್ಡದಾಗಿ ಕಾಣುತ್ತದೆ. ಒಬ್ಬರು ಸೇರಿನಲ್ಲಿ, ಇನ್ನೊಬ್ಬರು ಕಿಲೋದಲ್ಲಿ ಜೋಳ ಅಳೆದು ಯಾರ ಚೀಲ ದೊಡ್ಡದು ಎಂದು ವಾದಿಸಿದಂತಾಗಿತ್ತು. ಅವರ ಕೊನೆಯ ಪರೀಕ್ಷೆಯ ವಿಚಲನೆಯೂ 5 ಆಗಿತ್ತು. ಅದರಿಂದ ಭಾಗಿಸಿದಾಗ 0.80 ಬಂತು. ಅರ್ಧ ಜಗಳ ಅಲ್ಲಿಗೇ ತೀರಿತು.

ಉಳಿದದ್ದು ಕಾಗದದ ಮೇಲೆ ಮುಗಿಯುವ ಲೆಕ್ಕ. 0.80ರ ಮಾನಕ ದೋಷ (ಅಂದಾಜು ಆಕಸ್ಮಿಕವಾಗಿ ಎಷ್ಟು ಆಚೀಚೆ ಆಗಬಹುದು ಎಂಬ ಅಳತೆ) 0.33, ಮಕ್ಕಳು ಕಡಿಮೆ, ಹಾಗಾಗಿ ದೋಷ ಹೆಚ್ಚು. 0.30ರದು 0.18. ಗಾತ್ರಗಳ ಅಂತರ 0.50. ಆ ಅಂತರಕ್ಕೂ ತನ್ನದೇ ಮಾನಕ ದೋಷವಿದೆ: ಎರಡೂ ದೋಷಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 0.38. ಅಂತರವನ್ನು ಅದರಿಂದ ಭಾಗಿಸಿದರೆ 1.33, ಪಿ ಮೌಲ್ಯ 0.18. ಅಂತರದ 95 ಶೇಕಡಾ ವಿಶ್ವಾಸಾಂತರ, ಅಂದರೆ ದತ್ತಾಂಶಕ್ಕೆ ಹೊಂದುವ ಬೆಲೆಗಳ ವ್ಯಾಪ್ತಿ, -0.24ರಿಂದ 1.24ರವರೆಗೆ. ಇಲ್ಲಿಯೂ ಜಾರುವ ಅಪಾಯವಿದೆ. ಅಂತರ ಸಾಬೀತಾಗಲಿಲ್ಲ ಎಂದರೆ ಎರಡೂ ಒಂದೇ ಎಂದಲ್ಲ. ಸೊನ್ನೆಯೂ ಹಿಡಿಸುವ, 1.2 ಕೂಡ ಹಿಡಿಸುವ ಚೀಲ ಅದು.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮುನ್ಸೂಚನಾ ಅಂತರ, ಅಂದರೆ ಮರುಪ್ರಯೋಗದ ಫಲಿತಾಂಶ ಬೀಳಬಹುದಾದ ವ್ಯಾಪ್ತಿ. ಎರಡೂ ಕಡೆ ನಿಜ ಪರಿಣಾಮ ಒಂದೇ ಎಂದಿಟ್ಟುಕೊಂಡು, ಗಂಗಾವತಿಯ 0.80ರಿಂದ ಹೊರಟು, ಎರಡೂ ಕಡೆಯ ದೋಷ ಸೇರಿಸಿದರೆ 120 ಮಕ್ಕಳ ಮರುಪ್ರಯೋಗದಲ್ಲಿ ಎಷ್ಟು ಬರಬಹುದು? 0.06ರಿಂದ 1.54. ನನ್ನ 0.30 ಅದರೊಳಗೇ ಇದೆ. ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ 2015ರ ದೊಡ್ಡ ಯೋಜನೆಯಲ್ಲೂ ಇದೇ ಆಯಿತು: ಮರುಪ್ರಯೋಗಗಳಲ್ಲಿ ಸಿಗ್ನಿಫಿಕೆಂಟ್ ಆದವು 36 ಶೇಕಡಾ ಮಾತ್ರ. ಆದರೆ ಮುಂದೆ ಸಂಖ್ಯಾಶಾಸ್ತ್ರಜ್ಞರಾದ ಪಾಟೀಲ್, ಪೆಂಗ್ ಮತ್ತು ಲೀಕ್ ಮುನ್ಸೂಚನಾ ಅಂತರ ಹಾಕಿ ನೋಡಿದಾಗ 77 ಶೇಕಡಾ ಒಳಗೇ ಬಿದ್ದವು. ಆ ಮುನ್ಸೂಚನಾ ಅಂತರಗಳು ಅಗಲವಾಗಿದ್ದುದೂ ಅದಕ್ಕೆ ಕಾರಣ ಎಂಬುದನ್ನು ಮರೆಯಬಾರದು.

ದೋಷ ಕಡಿಮೆ ಇರುವುದಕ್ಕೆ ಹೆಚ್ಚು ತೂಕ ಕೊಟ್ಟು ಎರಡು ಪ್ರಯೋಗಗಳ ಗಾತ್ರಗಳನ್ನೂ ಕೂಡಿಸಿದರೆ 0.42 ಬರುತ್ತದೆ, ವಿಶ್ವಾಸಾಂತರ 0.10ರಿಂದ 0.73. "ವಿಫಲ" ಎಂದ ನನ್ನ ಪ್ರಯೋಗವನ್ನು ಸೇರಿಸಿದ ಮೇಲೂ ಪರಿಣಾಮ ಸೊನ್ನೆಯಿಂದ ದೂರವೇ ನಿಂತಿತು. ಆದರೂ ಈ ಸಂಖ್ಯೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಚೆನ್ನಾಗಿ ಬಂದ ಫಲಿತಾಂಶಗಳೇ ಹೊರಗೆ ಬರುವ ಲೋಕದಲ್ಲಿ ಮೊದಲ ಅಧ್ಯಯನದ ಗಾತ್ರ ಸ್ವಲ್ಪ ಉಬ್ಬಿರುವುದೇ ಹೆಚ್ಚು. ನಿಜ ಸಂಗತಿ 0.30ರ ಹತ್ತಿರ ಇರಬಹುದು ಎಂದು ನನ್ನ ಊಹೆ.

ತಿದ್ದಿದ ಕರಡನ್ನು ಮೇಷ್ಟ್ರಿಗೆ ಕಳುಹಿಸಿದೆ. ಮರುದಿನ ಅವರೇ ಫೋನ್ ಮಾಡಿದರು.

"0.30 ನಿಜವಾಗಿದ್ದರೆ ಅದನ್ನು ಹಿಡಿಯಲು ಎಷ್ಟು ಮಕ್ಕಳು ಬೇಕು?"

"80 ಶೇಕಡಾ ಸಾಮರ್ಥ್ಯಕ್ಕೆ, ಅಂದರೆ ಹತ್ತರಲ್ಲಿ ಎಂಟು ಸಲ ಹಿಡಿಯಬೇಕೆಂದರೆ, ಗುಂಪಿಗೆ ಸುಮಾರು 175 ಬೇಕಾಗುತ್ತದೆ ಸರ್."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಜುಲೈನಲ್ಲೇ ಶುರು ಮಾಡಿ, ಹತ್ತಿ ಬಿಡಿಸುವುದಕ್ಕೆ ಮೊದಲೇ ಮುಗಿಸಿಬಿಡಿ" ಎಂದರು.